ಗೋಡೆಯ ಮೇಲೆ ಕಸುಬುದಾರರು: ಮರದಚ್ಚಿನ ಹಳೆಯ ಚಿತ್ರಗಳ ಬಗ್ಗೆ ಓದುಗರ ಪ್ರಶ್ನೆಗಳು

ಈ ಸಲದ ಪ್ರಶ್ನೆಗಳೆಲ್ಲ ದಾವಣಗೆರೆ, ಚಿತ್ರದುರ್ಗ ಜಿಲ್ಲೆಗಳಿಂದ ಬಂದವು. ವಿಷಯವೂ ಒಂದೇ: ಕಮ್ಮಾರ, ನೇಕಾರ, ಬಡಗಿ, ಮುದ್ರಕ ಮುಂತಾದ ಕಸುಬುದಾರರ ಹಳೆಯ ವುಡ್‌ಕಟ್ (ಮರದ ಹಲಗೆಯಲ್ಲಿ ಕೆತ್ತಿ ಅಚ್ಚೊತ್ತಿದ) ಚಿತ್ರಗಳನ್ನು ಮನೆ, ಅಂಗಡಿಗಳ ಗೋಡೆಗೆ ಹಾಕುವುದು. ಹೆಚ್ಚಿನವರು ಕೇಳಿರುವುದು 1568ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾದ ಕಸುಬುಗಳ ಪುಸ್ತಕದ ಚಿತ್ರಗಳ ಬಗ್ಗೆ. ಚಿತ್ರಗಳು ಯೋಸ್ಟ್ ಅಮ್ಮಾನ್‌ನವು. ಒಂದೊಂದರ ಕೆಳಗೂ ಇರುವ ಎಂಟು ಸಾಲಿನ ಪದ್ಯ ನ್ಯೂರೆಂಬರ್ಗ್‌ನ ಹಾನ್ಸ್ ಸಾಕ್ಸ್‌ನದು. ಆತ ವೃತ್ತಿಯಿಂದ ಚಮ್ಮಾರ. ಒಟ್ಟು 114 ಚಿತ್ರಗಳಿವೆ.

ಪ್ರಶ್ನೆ: ಇಂಟರ್‌ನೆಟ್‌ನಿಂದ ಇಳಿಸಿಕೊಂಡ ಕಮ್ಮಾರನ ಚಿತ್ರವನ್ನು ಹಾಲ್‌ನ ಗೋಡೆಗೆಂದು ಮೂರಡಿ ಅಗಲ, ನಾಲ್ಕಡಿ ಎತ್ತರಕ್ಕೆ ಫ್ಲೆಕ್ಸ್ ಅಂಗಡಿಯಲ್ಲಿ ಪ್ರಿಂಟ್ ಹಾಕಿಸಿದೆವು. ಗೆರೆಯೆಲ್ಲ ಮಸುಕು, ಕಪ್ಪೆಲ್ಲ ಬೂದು. ಒಳ್ಳೆ ಅಂಗಡಿಯಲ್ಲಿ ಹಾಕಿಸಿದರೆ ಸರಿಹೋಗುತ್ತದೆಯೇ?
(ಪಿ.ಜೆ. ಬಡಾವಣೆ, ದಾವಣಗೆರೆ)

ಉತ್ತರ: ಅಂಗಡಿ ಬದಲಿಸಿದರೆ ಬೂದು ಬಣ್ಣ ಹೋದೀತು, ಮಸುಕು ಹೋಗುವುದಿಲ್ಲ. ಮೂಲ ಚಿತ್ರದ ಅಳತೆ ಸುಮಾರು 8 ಸೆಂ.ಮೀ. ಎತ್ತರ, 6 ಸೆಂ.ಮೀ. ಅಗಲ, ಅಷ್ಟೇ. ಅಂಗೈಯಲ್ಲಿ ಪುಸ್ತಕ ಹಿಡಿದು, ಒಂದಡಿ ದೂರದಿಂದ ನೋಡಲೆಂದು ಕೆತ್ತಿದ್ದು ಅದು. ನಾಲ್ಕಡಿಗೆ ಏರಿಸಿದರೆ ಹದಿನೈದು ಪಟ್ಟು ಹಿಗ್ಗುತ್ತದೆ. ಮೂಲದಲ್ಲಿ 0.3 ಮಿ.ಮೀ. ಇದ್ದ ಗೆರೆ ನಿಮ್ಮ ಗೋಡೆಯ ಮೇಲೆ 4.5 ಮಿ.ಮೀ. ಆಗುತ್ತದೆ. ಕಮ್ಮಾರನ ಮುಖ, ಇಕ್ಕಳ, ಕುಲುಮೆಯ ಬೆಂಕಿ ಎಲ್ಲವೂ ಬರೀ ಕಪ್ಪು ಪಟ್ಟಿಗಳಾಗಿ ಬೇರೆಯಾಗಿ ಕಾಣುತ್ತವೆ. ಮಸುಕಿಗೆ ಕಾರಣ ಫೈಲ್. ಸಾವಿರ ಪಿಕ್ಸೆಲ್ ಎತ್ತರದ ಫೈಲನ್ನು 48 ಇಂಚಿಗೆ ಎಳೆದರೆ ಇಂಚಿಗೆ 21 ಪಿಕ್ಸೆಲ್ ಮಾತ್ರ ಉಳಿಯುತ್ತವೆ. ಗೆರೆಚಿತ್ರ ಚೂಪಾಗಿ ಕಾಣಲು ಇಂಚಿಗೆ ಕನಿಷ್ಠ 300 ಬೇಕು, 600 ಇದ್ದರೆ ಒಳ್ಳೆಯದು.

ನಮ್ಮ ಸಲಹೆ, ಮೂರು ಪಟ್ಟಿಗಿಂತ ಹಿಗ್ಗಿಸಬೇಡಿ. ಅಂದರೆ 24 ಸೆಂ.ಮೀ. ಎತ್ತರ, 18 ಸೆಂ.ಮೀ. ಅಗಲ. ಅದಕ್ಕೆ 300ರ ಲೆಕ್ಕದಲ್ಲಿ 2,835 ಪಿಕ್ಸೆಲ್ ಎತ್ತರದ ಫೈಲ್ ಬೇಕು. ಆಮ್‌ಸ್ಟರ್‌ಡ್ಯಾಮ್‌ನ ರೈಕ್ಸ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ತಮ್ಮಲ್ಲಿರುವ ಹಳೆಯ ಮುದ್ರಣಗಳ ದೊಡ್ಡ ಫೈಲ್‌ಗಳನ್ನು ಉಚಿತವಾಗಿ ಕೊಡುತ್ತವೆ; ಮೊದಲು ಅಲ್ಲಿ ಹುಡುಕಿ. ವಾಟ್ಸ್‌ಆ್ಯಪ್‌ನಲ್ಲಿ ಫೋಟೊ ಆಗಿ ಕಳಿಸಿದ ಚಿತ್ರವನ್ನು ಅಂಗಡಿಗೆ ಕೊಡಲೇಬೇಡಿ. ಅದು ಫೈಲನ್ನು ಕುಗ್ಗಿಸುತ್ತದೆ, ಪ್ರತಿ ಗೆರೆಯ ಸುತ್ತ ಕೊಳೆಯಂಥ ಚುಕ್ಕಿ ಬಿಡುತ್ತದೆ. ಪೆನ್‌ಡ್ರೈವ್‌ನಲ್ಲಿ ಟಿಫ್ ಅಥವಾ ಪಿಎನ್‌ಜಿ ಒಯ್ಯಿರಿ. ಕಪ್ಪು ಬೂದಾಗಿದ್ದು ಯಾಕೆಂದರೆ ಯಂತ್ರ ನಾಲ್ಕು ಬಣ್ಣ ಬೆರೆಸಿ ಚುಕ್ಕಿಗಳಲ್ಲಿ ಕಪ್ಪು ಮಾಡಿದೆ. ಚಿತ್ರವನ್ನು ಗ್ರೇಸ್ಕೇಲ್‌ಗೆ ಬದಲಿಸಿ, "ಬರೀ ಕಪ್ಪು ಶಾಯಿಯಲ್ಲೇ ಹೊಡೆಯಿರಿ" ಎಂದು ಹೇಳಿ. ಫ್ಲೆಕ್ಸ್ ಬೇಡ, ಹೊಳೆಯುವ ಫೋಟೊ ಪೇಪರ್ ಕೂಡ ಬೇಡ. 200ರಿಂದ 300 ಜಿಎಸ್‌ಎಂನ (ಚದರ ಮೀಟರಿಗೆ ಇಷ್ಟು ಗ್ರಾಂ ತೂಕದ) ಮ್ಯಾಟ್ ಹತ್ತಿ ಕಾಗದ, ಪಿಗ್ಮೆಂಟ್ ಶಾಯಿ ಇರಲಿ. ಬಿಳಿಗಿಂತ ತುಸು ಕೆನೆಬಣ್ಣದ ಕಾಗದದ ಮೇಲೆ ಈ ಗೆರೆಗಳು ಚೆನ್ನಾಗಿ ಕೂರುತ್ತವೆ.

ನಾಲ್ಕಡಿ ಗೋಡೆ ತುಂಬಬೇಕೆಂದರೆ ಒಂದೇ ದೊಡ್ಡ ಚಿತ್ರದ ಬದಲು ಒಂಬತ್ತು ಚಿಕ್ಕವನ್ನು ಹಾಕಿ. 25×30 ಸೆಂ.ಮೀ.ನ ಕಟ್ಟು, ನಡುವೆ 5 ಸೆಂ.ಮೀ. ಬಿಟ್ಟು ಮೂರು ಸಾಲು ಮಾಡಿದರೆ ಒಟ್ಟು 85 ಸೆಂ.ಮೀ. ಅಗಲ, 100 ಸೆಂ.ಮೀ. ಎತ್ತರ ಆಗುತ್ತದೆ. ಈ ಅಳತೆಯ ಕಟ್ಟಿನಲ್ಲಿ ಚಿತ್ರ ಎರಡು ಪಟ್ಟು, ಅಂದರೆ 12×16 ಸೆಂ.ಮೀ. ಇರಲಿ, ಸುತ್ತ ಆರೇಳು ಸೆಂ.ಮೀ. ಖಾಲಿ ಮೌಂಟ್ (ಚಿತ್ರದ ಸುತ್ತ ಕೂರಿಸುವ ರಟ್ಟಿನ ಪಟ್ಟಿ) ಸಿಗುತ್ತದೆ, ಆ ಖಾಲಿ ಜಾಗ ಬೇಕೇ ಬೇಕು. ಹಳೆ ಪೇಪರನ್ನು ಕಟ್ಟಿನ ಅಳತೆಗೆ ಒಂಬತ್ತು ಕತ್ತರಿಸಿ ಗೋಡೆಗೆ ಟೇಪ್‌ನಿಂದ ಅಂಟಿಸಿ ನೋಡಿದ ಮೇಲೆಯೇ ಡ್ರಿಲ್ ಹಿಡಿಯಿರಿ. ನಿಂತು ನೋಡುವ ಜಾಗದಲ್ಲಿ ಗುಂಪಿನ ನಟ್ಟನಡು ನೆಲದಿಂದ 145ರಿಂದ 150 ಸೆಂ.ಮೀ.ನಲ್ಲಿರಲಿ. ಸೋಫಾದಲ್ಲಿ ಕೂತೇ ನೋಡುವುದಾದರೆ 130 ಸಾಕು.

ಯಾವ ಒಂಬತ್ತು? ಸಿಕ್ಕಿದ್ದನ್ನೆಲ್ಲ ಬೆರೆಸುವುದಕ್ಕಿಂತ ಒಂದರಿಂದ ಒಂದಕ್ಕೆ ಕೆಲಸ ಸಾಗುವ ಸರಣಿ ಆರಿಸಿ. ಪುಸ್ತಕದ ಕೋಣೆಗಾದರೆ ಕಾಗದ ಮಾಡುವವ, ಅಚ್ಚುಮೊಳೆ ಎರಕ ಹೊಯ್ಯುವವ, ಮರದಚ್ಚು ಕೆತ್ತುವವ, ಮುದ್ರಕ, ಪುಸ್ತಕಕ್ಕೆ ರಟ್ಟು ಕಟ್ಟುವವ, ಹೀಗೆ. ಕಾಗದದವನ ಚಿತ್ರದಲ್ಲಿ ಆತ ತೊಟ್ಟಿಯಿಂದ ಜರಡಿಯಚ್ಚು ಎತ್ತುತ್ತಿದ್ದಾನೆ, ಹಿಂದೆ ಚಿಂದಿ ಕುಟ್ಟುವ ಒನಕೆಗಳಿವೆ, ಕಿಟಕಿಯಾಚೆ ನೀರಿನ ಚಕ್ರ, ಮುಂದೆ ಹಾಳೆಯ ಹೊರೆ ಹೊತ್ತ ಹುಡುಗ. ಮುದ್ರಕನ ಚಿತ್ರದಲ್ಲಿ ಒಬ್ಬ ಹಾಳೆ ತೆಗೆಯುತ್ತಿದ್ದರೆ ಇನ್ನೊಬ್ಬ ಎರಡೂ ಕೈಯಲ್ಲಿ ಶಾಯಿ ಹಚ್ಚುವ ಚರ್ಮದ ಉಂಡೆ ಹಿಡಿದಿದ್ದಾನೆ, ಹಿಂದೆ ಮೊಳೆ ಜೋಡಿಸುವವರು ಕೂತಿದ್ದಾರೆ. ಇಷ್ಟೆಲ್ಲ ಎಂಟು ಸೆಂ.ಮೀ.ನೊಳಗೆ! ಹತ್ತಿರ ಹೋಗಿ ನೋಡುವಂತೆ ಹಾಕಿದರೆ ಮಾತ್ರ ಇದು ಕಣ್ಣಿಗೆ ಬೀಳುತ್ತದೆ. ಪದ್ಯವನ್ನು ಕತ್ತರಿಸಬೇಡಿ, ಚಿತ್ರದ ಹಾಳೆ ಪೂರ್ತಿ ಇರಲಿ. ಜೋಡಿ ಹೊಂದಲಿ ಎಂದು ಕಂಪ್ಯೂಟರ್‌ನಲ್ಲಿ ಎಡಬಲ ತಿರುಗಿಸಲೂ ಬೇಡಿ. ಬಲಗೈಯವರೆಲ್ಲ ಎಡಗೈಯವರಾಗುತ್ತಾರೆ, ಉಪಕರಣ ಹಿಡಿದ ರೀತಿಯೇ ತಪ್ಪಾಗುತ್ತದೆ.

ಪ್ರಶ್ನೆ: ಕೋಟೆ ಹತ್ತಿರ ನಮ್ಮದು ಕಲ್ಲುಗೋಡೆಯ ಹಳೆ ಮನೆ. ಎರಡು ವರ್ಷದ ಹಿಂದೆ ಕಟ್ಟು ಹಾಕಿಸಿದ ನೇಕಾರ, ಬಡಗಿ ಚಿತ್ರಗಳು ಈಗ ಅಲೆಅಲೆಯಾಗಿ ಉಬ್ಬಿವೆ. ಅಂಚು ಕಂದಾಗಿದೆ, ಒಂದರಲ್ಲಿ ಬೆಳ್ಳಿಹುಳ ಓಡಾಡುತ್ತಿದೆ. ಗೋಡೆಯ ತಪ್ಪೋ, ಕಾಗದದ್ದೋ?
(ಚಿತ್ರದುರ್ಗ)

ಉತ್ತರ: ಬಹುತೇಕ ಕಟ್ಟು ಹಾಕಿದ ರೀತಿಯ ತಪ್ಪು. ಒಂದನ್ನು ಬಿಚ್ಚಿ ನೋಡಿ. ಚಿತ್ರವನ್ನು ಹಾರ್ಡ್‌ಬೋರ್ಡಿಗೆ ಪೂರ್ತಿ ಅಂಟಿಸಿ, ಗಾಜನ್ನು ನೇರ ಅದರ ಮೇಲೇ ಒತ್ತಿರುತ್ತಾರೆ. ದೇವರ ಪಟಕ್ಕೆ, ಕ್ಯಾಲೆಂಡರಿಗೆ ಹಾಗೇ ಮಾಡುವುದು ರೂಢಿ, ಇದಕ್ಕೂ ಅದನ್ನೇ ಮಾಡುತ್ತಾರೆ. ಕಾಗದ ಗಾಳಿಯ ತೇವ ಹೀರಿ ಹಿಗ್ಗುತ್ತದೆ, ನಾರಿಗೆ ಅಡ್ಡಲಾಗಿ ಇನ್ನೂ ಹೆಚ್ಚು. ಹಿಗ್ಗಲು ಬಿಡದೆ ನಾಲ್ಕೂ ಕಡೆ ಬಿಗಿದರೆ ನಡುವೆ ಉಬ್ಬಲೇಬೇಕು. ಕಂದು ಬಣ್ಣ ಹಾರ್ಡ್‌ಬೋರ್ಡಿನ ಆಮ್ಲದ್ದು. ಬೆಳ್ಳಿಹುಳ ಬಂದದ್ದು ಮೈದಾ ಅಂಟಿಗೆ. ಹುಳ ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತ ಬೆರೆಸುವುದು ನಮ್ಮ ಕಡೆ ರೂಢಿ. ಆದರೆ ಅದರೊಳಗಿನ ತಾಮ್ರ ಕಾಗದದ ನಾರನ್ನೇ ಬೇಗ ಜೀರ್ಣ ಮಾಡುತ್ತದೆ. ಹುಳ ತಡೆಯಲು ಹೋಗಿ ಕಾಗದವನ್ನೇ ಕಳೆದುಕೊಂಡಂತೆ.

ಸರಿಯಾದ ಕ್ರಮ ಇದು. ಚಿತ್ರದ ಹಿಂದೆ ಆಮ್ಲರಹಿತ ಬೋರ್ಡ್, ಮುಂದೆ 1.5 ಮಿ.ಮೀ. ದಪ್ಪದ ಆಮ್ಲರಹಿತ ಮೌಂಟ್. ಮೌಂಟ್‌ನ ಕಿಂಡಿ ಹಾಳೆಯ ಅಂಚಿನ ಮೇಲೆ 3ರಿಂದ 5 ಮಿ.ಮೀ. ಕೂರಲಿ. ಮೌಂಟ್‌ನ ಪಟ್ಟಿ ಮೇಲೆ, ಪಕ್ಕದಲ್ಲಿ 6 ಸೆಂ.ಮೀ. ಇದ್ದರೆ ಕೆಳಗೆ 7. ನಾಲ್ಕೂ ಕಡೆ ಸಮ ಇಟ್ಟರೆ ಚಿತ್ರ ಕೆಳಗೆ ಜಾರಿದಂತೆ ಕಾಣುತ್ತದೆ. ಹಾಳೆಯನ್ನು ಹಿಂದಿನ ಬೋರ್ಡಿಗೆ ಹಿಡಿಸುವುದು ಮೇಲಂಚಿನಲ್ಲಿ ಮಾತ್ರ, 2×3 ಸೆಂ.ಮೀ.ನ ಎರಡು ತೆಳು ಪಟ್ಟಿಗಳಿಂದ. ಜಪಾನೀ ಕಾಗದ ಸಿಕ್ಕರೆ ಸರಿ, ಇಲ್ಲವಾದರೆ ನೇಪಾಳದ ಲೋಕ್ತಾ ಕಾಗದ. ಕೆಳಗಂಚು, ಪಕ್ಕಗಳು ಬಿಡುವಾಗಿ ತೂಗಲಿ. ಸೆಲ್ಲೋಟೇಪ್, ಫೆವಿಕಾಲ್ ಎರಡನ್ನೂ ಹತ್ತಿರ ಬಿಡಬೇಡಿ. ಟೇಪಿನ ಗೋಂದು ಹಳದಿಯಾಗಿ ಕಾಗದದೊಳಗೆ ಇಳಿಯುತ್ತದೆ. ಫೆವಿಕಾಲ್ ಒಣಗಿದ ಮೇಲೆ ಹಾಳೆ ಹರಿಯದೆ ಬಿಡುವುದಿಲ್ಲ.

ಅಂಟನ್ನು ಮನೆಯಲ್ಲೇ ಮಾಡಬಹುದು. ಗೋಧಿ ನೆನೆಸಿ, ರುಬ್ಬಿ, ಸೋಸಿ ತೆಗೆದ ಗೋಧಿ ಹಾಲನ್ನು ಕದಡದೆ ಬಿಟ್ಟರೆ ಅಡಿಯಲ್ಲಿ ಬಿಳಿ ಪಿಷ್ಟ ಕೂರುತ್ತದೆ. ಮೇಲಿನ ನೀರು ಎರಡು ಮೂರು ಸಲ ಬದಲಿಸಿ, ಪಿಷ್ಟವನ್ನು ಒಣಗಿಸಿ ಇಟ್ಟುಕೊಳ್ಳಿ. 10 ಗ್ರಾಂಗೆ 50 ಮಿ.ಲೀ. ನೀರು ಹಾಕಿ ಅರ್ಧ ಗಂಟೆ ನೆನೆಸಿ, ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಇಪ್ಪತ್ತು ನಿಮಿಷ ಕೈ ಬಿಡದೆ ತಿರುವಿ. ಹಾಲುಬಿಳುಪು ಹೋಗಿ ಅರೆಪಾರದರ್ಶಕವಾದಾಗ ಇಳಿಸಿ, ಆರಿದ ಮೇಲೆ ಬಟ್ಟೆಯಲ್ಲಿ ಹಿಂಡಿ ಸೋಸಿ. ಕುಂಚ ಓಡುವಷ್ಟು ನೀರು ಬೆರೆಸಿ ಹಚ್ಚಿ. ನಮ್ಮ ಬೇಸಿಗೆಯಲ್ಲಿ ಮರುದಿನಕ್ಕೆ ಹುಳಿಯಾಗುತ್ತದೆ, ಬೇಕಾದಷ್ಟೇ ಮಾಡಿ. ಪಿಷ್ಟವೂ ಬೆಳ್ಳಿಹುಳದ ಆಹಾರವೇ, ಆದರೆ ಎರಡು ಚಿಕ್ಕ ಪಟ್ಟಿಗೆ ತಗಲುವುದು ಎಷ್ಟು! ಮುಂದೆ ನೀರು ಸೋಕಿಸಿದರೆ ಬಿಟ್ಟುಕೊಳ್ಳುತ್ತದೆ ಎಂಬುದೇ ಇದರ ದೊಡ್ಡ ಗುಣ.

ಇನ್ನು ಗೋಡೆ. ಮಳೆಗಾಲದಲ್ಲಿ ತಣ್ಣನೆಯ ಕಲ್ಲು ಬೆವರುತ್ತದೆ. ಕಟ್ಟಿನ ಹಿಂಬದಿಯ ನಾಲ್ಕೂ ಮೂಲೆಗೆ 5 ಮಿ.ಮೀ. ದಪ್ಪದ ಬೆಂಡಿನ ಬಿಲ್ಲೆ ಅಂಟಿಸಿದರೆ ಗಾಳಿ ಆಡುತ್ತದೆ. ಹಿಂಬದಿಯನ್ನು ಕ್ರಾಫ್ಟ್ ಕಾಗದದಿಂದ ಮುಚ್ಚಿ, ಧೂಳೂ ಹುಳವೂ ಒಳಗೆ ಹೋಗದು. ನುಸಿಗುಳಿಗೆಯನ್ನು ಕಟ್ಟಿನೊಳಗೆ ಹಾಕಬೇಡಿ. ಗ್ರಾನೈಟ್‌ಗೆ ಮೊಳೆ ಹೊಡೆಯಲು ಹೋಗಬೇಡಿ, ಕಲ್ಲಿನ ಸಂದಿನ ಹಳೆ ಗಾರೆಗೂ ಬೇಡ. ಗಾರೆ ಪುಡಿಯಾಗಿ ಮೊಳೆ ಸಡಿಲಾಗುತ್ತದೆ. ಗೋಡೆಯ ಮೇಲ್ಭಾಗದಲ್ಲಿ ಒಂದು ಸಾಗವಾನಿ ಪಟ್ಟಿ ಕೂರಿಸಿ, ಅದರಿಂದ ತಂತಿ ಇಳಿಬಿಟ್ಟು ಎಲ್ಲ ಕಟ್ಟುಗಳನ್ನೂ ತೂಗಿಸಿ. ಪಟ್ಟಿಗೆ ಹ್ಯಾಮರ್ ಡ್ರಿಲ್‌ನಿಂದ ಮೂರು ನಾಲ್ಕು ಕಡೆ ಕಲ್ಲು ಕೊರೆದರೆ ಸಾಕು. 30×40 ಸೆಂ.ಮೀ. ಕಟ್ಟಿನಲ್ಲಿ 2 ಮಿ.ಮೀ. ಗಾಜೇ 600 ಗ್ರಾಂ ತೂಗುತ್ತದೆ, ಮರ ಸೇರಿ ಒಂದೂವರೆ ಕೆ.ಜಿ. ಹತ್ತಿರ ಬರುತ್ತದೆ. ಆ ಲೆಕ್ಕದಲ್ಲಿ ತಂತಿ ಆರಿಸಿ.

ಈಗ ಅಂಟಿರುವ ಚಿತ್ರಗಳು ಹೊಸ ಪ್ರಿಂಟ್‌ಗಳಾದರೆ ಬಿಡಿಸುವ ಶ್ರಮ ಬೇಡ, ಮತ್ತೆ ಪ್ರಿಂಟ್ ತೆಗೆಸಿ.

ಪ್ರಶ್ನೆ: ನಮ್ಮದು ಬೆಣ್ಣೆದೋಸೆ ಹೋಟೆಲ್, ಸೌದೆ ಒಲೆ. ಬೇಕರಿಯವ, ಅಡುಗೆಯವ, ಗಿರಣಿಯವನ ಹಳೆ ಚಿತ್ರಗಳನ್ನು ಹಾಕಬೇಕೆಂದಿದ್ದೇವೆ. ಹೊಗೆ, ಜಿಡ್ಡು ತಡೆಯುತ್ತವೆಯೇ?
(ದಾವಣಗೆರೆ)

ಉತ್ತರ: ಪ್ರಿಂಟ್ ಮಾತ್ರ ಹಾಕಿ, ಹಳೆಯ ಮೂಲ ಹಾಳೆ ಇದ್ದರೆ ಅದು ಮನೆಯಲ್ಲಿರಲಿ. ಒಲೆ ಕಾಣುವ ಗೋಡೆ ಬಿಟ್ಟು ಗಿರಾಕಿ ಕೂರುವ ಕಡೆಯ ಗೋಡೆ ಆರಿಸಿ. ಬೆಣ್ಣೆಯ ಹಬೆಯೊಂದಿಗೆ ಬರುವ ಮಸಿ ಮುಂದಿನಿಂದಲ್ಲ, ಕಟ್ಟಿನ ಹಿಂದಿನ ಸಂದಿಯಿಂದ ಒಳಗೆ ನುಗ್ಗುತ್ತದೆ. ಗಾಜು, ಮೌಂಟ್, ಹಿಂಬೋರ್ಡ್ ಮೂರನ್ನೂ ಒಟ್ಟು ಸೇರಿಸಿ ಅಂಚಿಗೆ ಅಲ್ಯೂಮಿನಿಯಂ ಟೇಪ್ ಸುತ್ತಿಸಿದ ಮೇಲೆ ಚೌಕಟ್ಟಿನೊಳಗೆ ಕೂರಿಸಿ. ಅಕ್ರಿಲಿಕ್ ಹಗುರ ನಿಜ, ಆದರೆ ದಿನಾ ಒರೆಸಿದರೆ ಗೀರು ಬೀಳುತ್ತದೆ, ಗಾಜು ಕ್ಲೀನ್ ಮಾಡುವ ಅಮೋನಿಯ ದ್ರಾವಣ ಬಿದ್ದರೆ ಮಂಜಾಗುತ್ತದೆ. ನಿಮ್ಮಲ್ಲಿಗೆ ಗಾಜೇ ಸರಿ. ವಾರಕ್ಕೊಮ್ಮೆ ಪಾತ್ರೆ ತೊಳೆಯುವ ಸೋಪಿನ ಹನಿ ಹಾಕಿದ ಬಟ್ಟೆಯನ್ನು ಚೆನ್ನಾಗಿ ಹಿಂಡಿ ಒರೆಸಿ. ಗಾಜಿನ ಮೇಲೆ ನೇರ ಸ್ಪ್ರೇ ಹೊಡೆದರೆ ನೀರು ಕೆಳಗಿನ ಅಂಚಿನಿಂದ ಒಳಗೇರಿ ಮೌಂಟ್‌ಗೆ ಕಲೆ ಮಾಡುತ್ತದೆ. ಚಿತ್ರದಡಿ ಕಸುಬಿನ ಹೆಸರು, "1568, ಫ್ರಾಂಕ್‌ಫರ್ಟ್" ಎಂದು ಕನ್ನಡದಲ್ಲಿ ಬರೆಸಿ. ದೋಸೆಗೆ ಕಾಯುವವರಿಗೆ ಓದಲು ಏನಾದರೂ ಬೇಕಲ್ಲ.

ಪ್ರಶ್ನೆ: ಇವನ್ನು ವ್ಯಾಪಾರದ ಜಾಗದಲ್ಲಿ ಹಾಕಲು ಹಕ್ಕುಸ್ವಾಮ್ಯದ ತೊಂದರೆ ಇದೆಯೇ?
(ಹರಿಹರ)

ಉತ್ತರ: ನಮ್ಮ 1957ರ ಕಾಯ್ದೆಯಂತೆ ಹಕ್ಕು ಇರುವುದು ಕರ್ತೃ ತೀರಿಕೊಂಡ ನಂತರ 60 ವರ್ಷ. ಅಮ್ಮಾನ್ ತೀರಿಕೊಂಡದ್ದು 1591ರಲ್ಲಿ. ಮೆಟ್ರೊಪಾಲಿಟನ್ ಮ್ಯೂಸಿಯಂ 2017ರಿಂದ ಇಂಥ ಫೈಲ್‌ಗಳನ್ನು ವ್ಯಾಪಾರದ ಬಳಕೆಗೂ ಮುಕ್ತವಾಗಿಟ್ಟಿದೆ. ಎಲ್ಲ ಸಂಗ್ರಹಾಲಯಗಳೂ ಹಾಗಿಲ್ಲ, ಇಳಿಸುವಾಗ ಷರತ್ತು ಓದಿ. ಪದ್ಯದ ಈಚಿನ ಅನುವಾದ ಬಳಸಿದರೆ ಅನುವಾದಕರ ಹಕ್ಕು ಬೇರೆ.

ಪ್ರಶ್ನೆ: ಆನ್‌ಲೈನ್‌ನಲ್ಲಿ "ಅಸಲಿ ವುಡ್‌ಕಟ್" ಎಂದು ಕಸುಬುದಾರರ ಹಾಳೆಗಳನ್ನು ಮಾರುತ್ತಾರೆ. ಕೈಗೆ ಬಂದ ಮೇಲೆ ಪರೀಕ್ಷಿಸುವುದು ಹೇಗೆ? ನಮ್ಮ ದೇಶದ ಕಸುಬುದಾರರ ಅಂಥ ಹಾಳೆ ಸಿಗುತ್ತದೆಯೇ?
(ಚಳ್ಳಕೆರೆ)

ಉತ್ತರ: ಗಡಿಯಾರ ರಿಪೇರಿಯವರು ಕಣ್ಣಿಗೆ ಸಿಕ್ಕಿಸುವ ಹತ್ತು ಪಟ್ಟಿನ ಭೂತಗನ್ನಡಿ ಇದ್ದರೆ ಅರ್ಧ ಕೆಲಸ ಮುಗಿಯಿತು. ಗೆರೆ ಚುಕ್ಕಿಚುಕ್ಕಿಯಾಗಿ ಒಡೆದು ಕಂಡರೆ ಆಫ್‌ಸೆಟ್ ಪ್ರಿಂಟ್. ಮರದಚ್ಚಿನಲ್ಲಿ ಗೆರೆ ಉಬ್ಬಿರುತ್ತದೆ, ಒತ್ತಿದಾಗ ಶಾಯಿ ಅಂಚಿಗೆ ಸರಿದು ಗೆರೆಯ ಬದಿಯಲ್ಲಿ ನಡುವಿಗಿಂತ ಗಾಢವಾದ ಏಣು ಬಿಡುತ್ತದೆ. ಹಾಳೆಯ ಹಿಂಬದಿಯನ್ನು ಓರೆ ಬೆಳಕಿಗೆ ಹಿಡಿದರೆ ಒತ್ತಿನ ಗುರುತು ಕಾಣಬಹುದು. ಚಿತ್ರದ ಸುತ್ತ ಆಯತಾಕಾರದ ತಗ್ಗಿನ ಗುರುತು ಇದ್ದರೆ ಅದು ತಾಮ್ರಫಲಕದ್ದು, ಮರದ್ದಲ್ಲ. ಪ್ಯಾರಿಸ್ಸಿನ ದಿದರೊ ವಿಶ್ವಕೋಶದ ಕಸುಬಿನ ಚಿತ್ರಗಳು ತಾಮ್ರದವು. ಅವನ್ನೂ ವುಡ್‌ಕಟ್ ಎಂದೇ ಮಾರುತ್ತಾರೆ.

ಹಾಳೆಯನ್ನು ಕಿಟಕಿಗೆ ಹಿಡಿಯಿರಿ. ಹದಿನಾರನೇ ಶತಮಾನದ ಯುರೋಪಿನ ಕಾಗದದಲ್ಲಿ ಸುಮಾರು ಎರಡೂವರೆ ಸೆಂ.ಮೀ.ಗೊಂದರಂತೆ ಜರಡಿಯಚ್ಚಿನ ಗೆರೆಗಳು, ಅವಕ್ಕೆ ಅಡ್ಡಲಾಗಿ ಒತ್ತೊತ್ತಾದ ಗೆರೆಗಳು ಕಾಣುತ್ತವೆ. ಕೊನೆಗೆ, ಅಂಗಡಿಗಳಲ್ಲಿ ನೋಟು ನೋಡುವ ನೇರಳಾತೀತ ದೀಪದಡಿ ಇಡಿ. ನೀಲಿಬಿಳುಪಾಗಿ ಹೊಳೆದರೆ ಬಿಳುಪು ಹೆಚ್ಚಿಸುವ ರಾಸಾಯನಿಕ ಬೆರೆತ ಕಾಗದ, ಅಂದರೆ ಇಪ್ಪತ್ತನೇ ಶತಮಾನದ ನಡುಭಾಗದ ಈಚಿನದು. ಹಾಗೆಂದು, ಹೊಳೆಯದಿದ್ದರೆ ಹಳೆಯದೇ ಎಂದು ಅರ್ಥವಲ್ಲ. ಅಸಲಿ ಹಾಳೆ ಎಂದರೆ ಸಾಮಾನ್ಯವಾಗಿ ಯಾವುದೋ ಪುಸ್ತಕದಿಂದ ಕಿತ್ತದ್ದು. ಅಲಂಕಾರಕ್ಕಾಗಿ ಪುಸ್ತಕ ಹರಿಯುವ ವ್ಯಾಪಾರಕ್ಕೆ ದುಡ್ಡು ಕೊಡುವುದು ನಮಗೆ ಸರಿಕಾಣುವುದಿಲ್ಲ. ಒಳ್ಳೆಯ ಪ್ರಿಂಟ್ ಸಾಕು.

ನಮ್ಮ ದೇಶದ ಕಸುಬುದಾರರ ಹಳೆ ಚಿತ್ರಗಳು ಹೆಚ್ಚಾಗಿ ವುಡ್‌ಕಟ್ ಅಲ್ಲ. ಈಸ್ಟ್ ಇಂಡಿಯಾ ಕಂಪನಿ ಕಾಲದ ಕಲಾವಿದರು ಕಾಗದದ ಮೇಲೆ, ಅಭ್ರಕದ ಮೇಲೆ ಬಣ್ಣದಲ್ಲಿ ಬರೆದವು ಅವು. ಯುರೋಪಿನಿಂದ ಬಂದ ಕಲಾವಿದ ಬಾಲ್ತಜಾರ್ ಸೊಲ್ವಿನ್ಸ್ 1790ರ ದಶಕದಲ್ಲಿ ಕಲ್ಕತ್ತದಲ್ಲಿ ಹೊರತಂದ 250 ಚಿತ್ರಗಳಲ್ಲಿಯೂ ಕಸುಬಿನವರಿದ್ದಾರೆ, ಅವು ತಾಮ್ರದ ಎಚಿಂಗ್ (ಆಮ್ಲದಿಂದ ಗೆರೆ ಕೊರೆದ ಫಲಕದ ಅಚ್ಚು). ಇವನ್ನು ಹಾಕುವುದಾದರೆ ಪ್ರತ್ಯೇಕ ಗೋಡೆಗೆ ಹಾಕಿ, ಬಣ್ಣದ ಚಿತ್ರದ ಪಕ್ಕ ಬರೀ ಕಪ್ಪು ಗೆರೆ ಸಪ್ಪೆಯಾಗುತ್ತದೆ. ಅಡಿಬರಹದಲ್ಲಿ ಜಾತಿಯ ಹೆಸರು ಬೇಡ, ಕೆಲಸದ ಹೆಸರಿರಲಿ.

ಪ್ರಶ್ನೆ: ಕಪ್ಪುಬಿಳುಪಿನ ಪ್ರಿಂಟ್‌ಗೆ ನಾವೇ ಬಣ್ಣ ತುಂಬಬಹುದೇ?
(ಹೊಳಲ್ಕೆರೆ)

ಉತ್ತರ: ಪ್ರಿಂಟ್‌ಗಾದರೆ ಧಾರಾಳವಾಗಿ. ಆ ಕಾಲದಲ್ಲಿ ಅಚ್ಚಿನ ಚಿತ್ರಕ್ಕೆ ಕೈಯಿಂದ ಬಣ್ಣ ಹಾಕುವುದೇ ಒಂದು ಕಸುಬು, ಆತನ ಚಿತ್ರವೂ ಅದೇ ಪುಸ್ತಕದಲ್ಲಿದೆ. ಜಲವರ್ಣ ತೆಳುವಾಗಿರಲಿ, ಗೆರೆ ಮುಚ್ಚಬಾರದು. ಸಾಮಾನ್ಯ ಇಂಕ್‌ಜೆಟ್ ಶಾಯಿ ನೀರು ತಾಗಿದರೆ ಹರಡುತ್ತದೆ, ಲೇಸರ್ ಅಥವಾ ಪಿಗ್ಮೆಂಟ್ ಪ್ರಿಂಟ್ ಬೇಕು. ಗೆರೆಯ ಇಂಗಾಲದ ಕಪ್ಪು ಬಿಸಿಲಿಗೆ ಮಾಸದು, ನೀವು ತುಂಬಿದ ಬಣ್ಣ ಮಾಸೀತು. ಪಡುವಣ ಬಿಸಿಲು ಬೀಳುವ ಗೋಡೆ ಬೇಡ.

ಪ್ರಶ್ನೆ: ನಮ್ಮೂರ ರೇಷ್ಮೆ ಸೀರೆ ನೇಯುವವರ ಚಿತ್ರವನ್ನು ಅದೇ ಶೈಲಿಯಲ್ಲಿ ನಾವೇ ಮರದಲ್ಲಿ ಕೆತ್ತಿ ಅಚ್ಚು ಹಾಕಬೇಕೆಂದಿದೆ. ಹೇಗೆ ಶುರು ಮಾಡುವುದು?
(ಮೊಳಕಾಲ್ಮುರು)

ಉತ್ತರ: ಮೊದಲ ಅಚ್ಚು 15×20 ಸೆಂ.ಮೀ. ಮೀರದಿರಲಿ. ಯುರೋಪಿನವರು ಪೇರ್ ಮರದ ಹಲಗೆ ಬಳಸುತ್ತಿದ್ದರು. ನಮಗೆ ಚನ್ನಪಟ್ಟಣದ ಗೊಂಬೆಗೆ ಬಳಸುವ ಹಾಲೆ ಮರ ಒಳ್ಳೆಯದು, ಮೃದು, ನಾರು ಸಣ್ಣ. ಸಿಗದಿದ್ದರೆ 6 ಮಿ.ಮೀ. ಎಂಡಿಎಫ್‌ನಲ್ಲಿ ಅಭ್ಯಾಸ ಮಾಡಿ. ಸಾಗವಾನಿಯ ನಾರಿನ ರಂಧ್ರ ದೊಡ್ಡದು, ಸಣ್ಣ ಗೆರೆ ಒಡೆಯುತ್ತದೆ.

ಚಿತ್ರ ಬರೆಯುವ ಮೊದಲು ಮಗ್ಗದ ಮುಂದೆ ಕೂತು ನೋಡಿ. ಕುಣಿ ಮಗ್ಗದಲ್ಲಿ ನೇಕಾರರ ಕಾಲು ಗುಂಡಿಯೊಳಗಿರುತ್ತದೆ, ಎದುರಿನಿಂದ ಬರೆದರೆ ಅರ್ಧ ಕೆಲಸವೇ ಮರೆಯಾಗುತ್ತದೆ. ಪಕ್ಕದಿಂದ ಬರೆದು, ನೆಲವನ್ನು ಸೀಳಿದಂತೆ ತೋರಿಸಿದರೆ ಕಾಲಿನ ತುಳಿತವೂ ಕಾಣುತ್ತದೆ. ಅಂಚಿಗೆ ಬೇರೆ ಬಣ್ಣವಾದರೆ ಮೂರು ಲಾಳಿ ಬೇಕು. ಚಿತ್ರದಲ್ಲಿ ಒಂದೇ ಲಾಳಿ ಇದ್ದರೆ ನೇಯ್ಗೆ ಬಲ್ಲವರು ಮೊದಲು ಅದನ್ನೇ ಕೇಳುತ್ತಾರೆ. ಹಾಸಿನ ಎಳೆಗಳನ್ನೆಲ್ಲ ಕೆತ್ತಲು ಆಗದು, ಎಂಟು ಹತ್ತು ಗೆರೆಯಲ್ಲಿ ಸೂಚಿಸಿ.

ಚಿತ್ರವನ್ನು ಟ್ರೇಸಿಂಗ್ ಹಾಳೆಯಲ್ಲಿ ಬರೆದು, ಮಗುಚಿ ಹಲಗೆಗೆ ಇಳಿಸಿ. ಅಚ್ಚಿನಲ್ಲಿ ತಿರುಗುಮುರುಗು ಇದ್ದರೆ ಕಾಗದದಲ್ಲಿ ನೇರ ಬರುತ್ತದೆ. ಕಪ್ಪಾಗಬೇಕಾದ ಗೆರೆ ಉಳಿಸಿ ಮಿಕ್ಕದ್ದನ್ನು ತೆಗೆಯಬೇಕು. ಗೆರೆಯ ಎರಡೂ ಬದಿ ಚೂರಿಯನ್ನು ಹೊರಕ್ಕೆ ಓರೆ ಮಾಡಿ ಕೊಯ್ಯಿರಿ, ಬುಡ ಅಗಲ, ತಲೆ ಕಿರಿದು. ಒಳಕ್ಕೆ ಓರೆಯಾದರೆ ಬುಡ ಸವೆದು ನಾಲ್ಕೈದು ಪ್ರತಿಯಲ್ಲೇ ಗೆರೆ ಮುರಿಯುತ್ತದೆ. ಗೆರೆಗಳ ನಡುವಿನ ಸಣ್ಣ ಜಾಗಕ್ಕೆ 1 ಮಿ.ಮೀ. ಆಳ ಸಾಕು. ವಿಶಾಲ ಬಯಲನ್ನು 3 ಮಿ.ಮೀ. ತೋಡಿ, ಇಲ್ಲವಾದರೆ ಕಾಗದ ಅಲ್ಲಿ ಇಳಿಬಿದ್ದು ಶಾಯಿ ಹತ್ತುತ್ತದೆ.

ಶಾಯಿ ಎಣ್ಣೆ ಆಧಾರದ ಗಟ್ಟಿ ಕಪ್ಪು, ಹಳೆ ಲೆಟರ್‌ಪ್ರೆಸ್‌ನವರ ಹತ್ತಿರ ಸಿಗುವಂಥದು. ಗಾಜಿನ ಮೇಲೆ ಅರ್ಧ ಚಮಚ ಹಾಕಿ ರಬ್ಬರ್ ರೋಲರ್‌ನಿಂದ ಹರಡಿ. ರೋಲರ್ ಓಡುವಾಗ ಸಣ್ಣಗೆ ಚರಚರ ಸದ್ದು ಬಂದರೆ ಹದ. ಪಚಪಚ ಎಂದರೆ ಶಾಯಿ ಹೆಚ್ಚು, ಗೆರೆಗಳ ಸಂದು ತುಂಬಿಹೋಗುತ್ತದೆ. ಕೈಯಿಂದ ಒತ್ತುವುದಾದರೆ 60ರಿಂದ 90 ಜಿಎಸ್‌ಎಂನ ತೆಳು ಕೈಕಾಗದ ಬಳಸಿ. ಒದ್ದೆ ಸ್ಪಂಜಿನಿಂದ ಸವರಿ, ಒಂದರ ಮೇಲೊಂದು ಪೇರಿಸಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಎರಡು ಗಂಟೆ ಇಡಿ. ಮುಟ್ಟಿದರೆ ತಣ್ಣಗಿರಬೇಕು, ನೀರು ಹೊಳೆಯಬಾರದು. ಹಾಳೆ ಇಟ್ಟು ಮರದ ಸೌಟಿನ ಬೆನ್ನಿನಿಂದ ನಡುವಿನಿಂದ ಹೊರಕ್ಕೆ ತಿಕ್ಕಿ. ಒಂದು ಮೂಲೆ ಮಾತ್ರ ಎತ್ತಿ ನೋಡಿ. ಚುಕ್ಕಿಚುಕ್ಕಿಯಾಗಿದ್ದರೆ ಹಾಳೆ ಕದಲಿಸದೆ ಮತ್ತೆ ತಿಕ್ಕಿ, ಕದಲಿದರೆ ಗೆರೆ ಎರಡಾಗುತ್ತದೆ. ಮೊದಲ ಮೂರು ನಾಲ್ಕು ಪ್ರತಿ ತೆಳುವಾಗಿಯೇ ಬರುತ್ತವೆ, ಹೊಸ ಮರ ಶಾಯಿ ಕುಡಿಯುವುದರಿಂದ. ಕ್ಲಿಪ್ ಹಾಕಿ ಒಂದು ವಾರ ತೂಗುಹಾಕಿ ಒಣಗಿಸಿ. ಬೆರಳಿಗೆ ಕಪ್ಪು ಹತ್ತದಂತಾದ ಮೇಲೆಯೇ ಕಟ್ಟಿಗೆ ಕೊಡಿ. ಕೆತ್ತನೆ, ಅಚ್ಚು ಕಣ್ಣಾರೆ ನೋಡಿ ಕಲಿಯಬೇಕೆಂದರೆ ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ವಿಚಾರಿಸಿ.